ಹೊಸ ಮನೆಗೆ ಹಳೆಯ ನೆಲ

ನಗರ ಬೆಳೆದಂತೆ ಮನೆಗಳು ಬೇಕು; ಮನೆಗಳಿಗೆ ನೆಲ ಬೇಕು. ಆ ನೆಲ ಎರಡು ಬಗೆಯದು. ಇದುವರೆಗೆ ಕಟ್ಟಡವನ್ನೇ ಕಾಣದ ಹೊಲ, ಹುಲ್ಲುಗಾವಲು, ತೋಪುಗಳು ಒಂದು ಬಗೆ. ಇವನ್ನು ಗ್ರೀನ್‌ಫೀಲ್ಡ್, ಅಂದರೆ ಹಸಿರು ನೆಲವೆನ್ನುವರು. ಕಾರ್ಖಾನೆ, ರೈಲ್ವೆ ಅಂಗಳ ಮುಂತಾದುವು ನಡೆದು ನಿಂತುಹೋದ ಜಾಗ ಇನ್ನೊಂದು ಬಗೆ, ಇದು ಬ್ರೌನ್‌ಫೀಲ್ಡ್. ನಾವು ಇದನ್ನು ಬಳಸಿ ಬಿಟ್ಟ ನೆಲವೆನ್ನೋಣ. ಇವೆರಡರಲ್ಲಿ ಯಾವುದನ್ನು ಆರಿಸಬೇಕು?

ಮೊದಲ ನೋಟಕ್ಕೆ ಹಸಿರು ನೆಲವೇ ಅಗ್ಗ. ಅಲ್ಲಿ ಕೆಡವಬೇಕಾದ ಗೋಡೆಯಿಲ್ಲ, ತೆಗೆಯಬೇಕಾದ ವಿಷವಿಲ್ಲ. ಆದರೆ ಲೆಕ್ಕ ಅಲ್ಲಿಗೇ ಮುಗಿಯದು. ರಸ್ತೆ, ನೀರಿನ ಕೊಳವೆ, ಚರಂಡಿಗಳನ್ನು ಅಲ್ಲಿಯವರೆಗೆ ಒಯ್ಯಬೇಕು. ಒಂದು ಹೆಕ್ಟೇರಿನ ಮೇಲೆ 10 ಮಿಲಿಮೀಟರು ಮಳೆ ಬಿದ್ದರೆ ಒಂದು ಲಕ್ಷ ಲೀಟರು ನೀರಾಗುವುದು. ಒಳ್ಳೆಯ ಹೊಲ ಇದರಲ್ಲಿ ದೊಡ್ಡ ಪಾಲನ್ನು ಹೀರಬಲ್ಲದು. ಚಾವಣಿ, ಡಾಂಬರುಗಳು ಬಹುಪಾಲನ್ನು ಹರಿಯಬಿಡುತ್ತವೆ. ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಮುಚ್ಚಿಹೋಗಲು ಒಂದು ದಿನ ಸಾಕು.

ಹಾಗೆಂದು ಬಳಸಿ ಬಿಟ್ಟ ನೆಲದ ಮೇಲೆ ಕಣ್ಣು ಮುಚ್ಚಿ ಕಟ್ಟಬಹುದೆ? ಕೂಡದೆಂಬುದಕ್ಕೆ ಅಮೆರಿಕದ ನಯಾಗರ ಫಾಲ್ಸ್ ನಗರದ ಲವ್ ಕೆನಾಲ್ ಸಾಕ್ಷಿ. ಅರ್ಧಕ್ಕೆ ನಿಂತ ಆ ಕಾಲುವೆಯಲ್ಲಿ ರಾಸಾಯನಿಕ ಕಂಪನಿಯೊಂದು 1942ರಿಂದ ಸುಮಾರು 21,000 ಟನ್ ತ್ಯಾಜ್ಯವನ್ನು ಹೂತು, ಜೇಡಿಮಣ್ಣು ಮುಚ್ಚಿ, 1953ರಲ್ಲಿ ಜಾಗವನ್ನು ಒಂದು ಡಾಲರಿಗೆ ಶಾಲಾಮಂಡಳಿಗೆ ಕೊಟ್ಟಿತು. ಶಾಲೆ ಎದ್ದಿತು, ಸುತ್ತಲೂ ಮನೆಗಳೆದ್ದವು. ಮುಚ್ಚಿಗೆ ಒಡೆದ ಕಡೆ ಮಳೆನೀರು ಇಳಿಯಿತು. ಅಡಿಯಲ್ಲಿಯೂ ಜೇಡಿಯೇ ಇದ್ದುದರಿಂದ ಅದು ತೊಟ್ಟಿಯಲ್ಲಿ ತುಂಬಿದಂತೆ ತುಂಬಿ, ವಿಷದೊಡನೆ ಉಕ್ಕಿ, ಮನೆಗಳ ನೆಲಮಾಳಿಗೆಗಳನ್ನು ಸೇರಿತು. 1978ರಲ್ಲಿ ಅಧ್ಯಕ್ಷ ಕಾರ್ಟರರು ತುರ್ತುಸ್ಥಿತಿಯನ್ನು ಘೋಷಿಸಿದರು. ನೂರಾರು ಕುಟುಂಬಗಳು ಮನೆ ಬಿಡಬೇಕಾಯಿತು.

ಇಂತಹ ನೆಲವನ್ನು ಶುದ್ಧಿಮಾಡಲು ಸಾಧ್ಯವೆ? 2012ರ ಒಲಿಂಪಿಕ್ ಕ್ರೀಡೆಗಳಿಗಾಗಿ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ಹಾಗೆ ಮಾಡಿದರು. ಅಲ್ಲಿ ಹಳೆಯ ಉದ್ಯಮಗಳಿಂದ ಕೆಟ್ಟ ಮಣ್ಣನ್ನು ಅಗೆದು ಯಂತ್ರಗಳಲ್ಲಿ ತೊಳೆದರು. ಇದರ ತತ್ತ್ವ ಸರಳವಾದುದು. ಒಂದು ಸೆಂಟಿಮೀಟರು ಅಂಚಿನ ಘನದ ಮೇಲ್ಮೈ 6 ಚದರ ಸೆಂಟಿಮೀಟರು. ಅದನ್ನೇ ಒಂದೊಂದು ಮಿಲಿಮೀಟರಿನ ಸಾವಿರ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60 ಚದರ ಸೆಂಟಿಮೀಟರಾಗುವುದು. ಕಣ ಸಣ್ಣದಾದಷ್ಟೂ ಮೇಲ್ಮೈ ಹೆಚ್ಚು. ಮೇಲ್ಮೈಗೆ ಅಂಟುವ ವಿಷವೂ ಹೆಚ್ಚು. ಆದುದರಿಂದ ನುಣುಪಾದ ಜೇಡಿಯನ್ನು ನೀರಿನಲ್ಲಿ ಬೇರ್ಪಡಿಸಿ ತೆಗೆದರೆ ಉಳಿದ ಮರಳು, ಜಲ್ಲಿಗಳನ್ನು ಮತ್ತೆ ಬಳಸಬಹುದು. ಅಗೆದ ಮಣ್ಣಿನ ಬಹುಭಾಗ ಅಲ್ಲಿಯೇ ಉಪಯೋಗವಾಯಿತು. ಕ್ರೀಡಾಪಟುಗಳು ತಂಗಿದ್ದ ಬಡಾವಣೆಯಲ್ಲಿ ಮುಂದೆ ಸುಮಾರು 2,800 ಮನೆಗಳಾದವು.

ಬಳಸಿ ಬಿಟ್ಟ ನೆಲವೆಲ್ಲ ಬಂಜರೆಂದೂ ತಿಳಿಯಬಾರದು. ಇಂಗ್ಲೆಂಡಿನ ಕ್ಯಾನ್ವಿ ವಿಕ್ ಎಂಬಲ್ಲಿ ತೈಲಶುದ್ಧೀಕರಣಕ್ಕೆಂದು ಹಿಡಿದು ಕೈಬಿಟ್ಟ ಜಾಗದಲ್ಲಿ ಅಪರೂಪದ ಕೀಟಗಳು ನೆಲೆಸಿದುದರಿಂದ, 2005ರಲ್ಲಿ ಅದನ್ನು ಸಂರಕ್ಷಿತ ತಾಣವಾಗಿಸಿದರು.

ಹೀಗಿರಲು ನಮ್ಮ ತೀರ್ಮಾನವಿಷ್ಟು: ಮೊದಲು ಬಳಸಿ ಬಿಟ್ಟ ನೆಲದ ಪೂರ್ವಚರಿತ್ರೆಯನ್ನು ವಿಚಾರಿಸಿ, ಮಣ್ಣನ್ನೂ ಅಂತರ್ಜಲವನ್ನೂ ಪರೀಕ್ಷಿಸಬೇಕು. ಶುದ್ಧಿ ಸಾಧ್ಯವೆಂದಾದರೆ ಅಲ್ಲಿಯೇ ಕಟ್ಟಬೇಕು. ಅದು ಸಾಲದಿದ್ದಾಗ ಮಾತ್ರ ಹೊಲಕ್ಕೆ ಕೈಹಾಕಬೇಕು. ಶುದ್ಧಿಯ ವೆಚ್ಚವನ್ನು ನಾವು ಒಮ್ಮೆ ತೆತ್ತು ಮುಗಿಸಬಹುದು. ಕಳೆದ ಹೊಲದ ಬೆಲೆಯನ್ನು ಮೊಮ್ಮಕ್ಕಳೂ ತೆರುತ್ತಿರಬೇಕು.