ಪಟ್ಟಿಯಲ್ಲಿ ಸೊನ್ನೆ, ಪಂಕ್ತಿಯಲ್ಲಿ ಮೊದಲು

ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಯಾರೂ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವುದಿಲ್ಲ. ಸ್ಕಾಟ್ಲೆಂಡಿನ ಕಿಲ್‌ವಿನ್ನಿಂಗ್ ಎಂಬ ಸಣ್ಣ ಪಟ್ಟಣದ ಮೇಸನ್ ಲಾಡ್ಜ್ ಮಾತ್ರ ತನಗೆ ಸಿಕ್ಕ ಸೊನ್ನೆಯನ್ನು ಹೆಸರಿನ ಜೊತೆಯಲ್ಲೇ ಹೆಮ್ಮೆಯಿಂದ ಬರೆದುಕೊಳ್ಳುತ್ತದೆ. ಅದರ ಹಿಂದೆ 64 ವರ್ಷಗಳ ಮುನಿಸಿನ ಕಥೆಯಿದೆ. ಕನ್ನಡದಲ್ಲಿ ಸೊನ್ನೆಗೆ ‘ಪೂಜ್ಯ’ ಎಂಬ ಹೆಸರೂ ಉಂಟು. ಹಿರಿಯರನ್ನು ಗೌರವಿಸುವುದಕ್ಕೂ ಅದೇ ಪದ. ಕಿಲ್‌ವಿನ್ನಿಂಗ್‌ನವರಿಗೆ ಕನ್ನಡ ಬರುತ್ತಿದ್ದರೆ ತಮ್ಮ ಸಂಖ್ಯೆಗೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ಹುಡುಕುತ್ತಿರಲಿಲ್ಲ.

ಲಾಡ್ಜ್ ಎಂದೊಡನೆ ನಮ್ಮಲ್ಲಿ ನೆನಪಾಗುವುದು ಬಸ್ ನಿಲ್ದಾಣದ ಎದುರಿನ, ದಿನದ ಬಾಡಿಗೆಗೆ ಕೋಣೆ ಕೊಡುವ ಕಟ್ಟಡ. ಮೇಸನ್ನರ ಲಾಡ್ಜ್ ಬೇರೆಯದು. ಉತ್ತರ ಭಾರತದ ಜನ ಬ್ರಿಟಿಷರ ಕಾಲದಲ್ಲಿ ಅದನ್ನು ‘ಜಾದೂಘರ್’ ಎಂದು ಕರೆದದ್ದುಂಟು. ಮುಚ್ಚಿದ ಬಾಗಿಲಿನ ಹಿಂದೆ ಸಾಹೇಬರು ಏನೋ ಮಾಟ ಮಾಡುತ್ತಾರೆಂಬ ಗುಮಾನಿ. ಆದರೆ ಪದದ ಮೂಲದಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ಇಗರ್ಜಿಯನ್ನೋ ಕೋಟೆಯನ್ನೋ ಕಟ್ಟುವಾಗ ಕಲ್ಲುಕುಟಿಗರು ಪಕ್ಕದಲ್ಲೇ ಹಾಕಿಕೊಳ್ಳುತ್ತಿದ್ದ ಗುಡಿಸಲೇ ಲಾಡ್ಜ್. ಕಲ್ಲು ಕೆತ್ತುವುದು, ಉಪಕರಣ ಇಡುವುದು, ಉಣ್ಣುವುದು, ಜಗಳ ತೀರಿಸಿಕೊಳ್ಳುವುದು ಎಲ್ಲವೂ ಅಲ್ಲೇ. ಕಾಲಕ್ರಮದಲ್ಲಿ ಗುಡಿಸಲಿನ ಹೆಸರೇ ಅದರೊಳಗಿನ ಸಂಘಕ್ಕೂ ಬಂತು.

ಕಿಲ್‌ವಿನ್ನಿಂಗ್ ಇರುವುದು ಗ್ಲಾಸ್ಗೋ ನಗರದ ನೈರುತ್ಯಕ್ಕೆ, ಗಾರ್ನಾಕ್ ಎಂಬ ನದಿಯ ದಂಡೆಯಲ್ಲಿ. ಅಲ್ಲಿ 12ನೆಯ ಶತಮಾನದಲ್ಲಿ ತಿರೋನ್ ಪಂಥದ ಸನ್ಯಾಸಿಗಳು ಒಂದು ದೊಡ್ಡ ಮಠ ಕಟ್ಟಿಸಿದರು. ಆ ಮಠ ಕಟ್ಟಲು ಬಂದ ಕುಶಲಕರ್ಮಿಗಳೇ ನಮ್ಮ ಲಾಡ್ಜ್ ಸ್ಥಾಪಿಸಿದರು, ಅದು 1140ರಲ್ಲಿ ಎಂಬುದು ಸ್ಥಳೀಯ ನಂಬಿಕೆ. ಮಠ ಹುಟ್ಟಿದ್ದೇ 1162 ಮತ್ತು 1188ರ ನಡುವೆ ಎಂದು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಮದುವೆಗೆ ಮೊದಲೇ ನಾಮಕರಣ ಆದಂತಾಯಿತು! ಆದರೂ ಮಠದ ಕೆಲಸಕ್ಕೆ ನುರಿತ ಕಲ್ಲುಕುಟಿಗರು ಬಂದಿರಲೇಬೇಕಾದ್ದರಿಂದ ಈ ನಂಬಿಕೆಯನ್ನು ಪೂರ್ತಿ ತಳ್ಳಿಹಾಕುವುದೂ ಸಲ್ಲ. ಕೊರತೆ ಇದ್ದದ್ದು ಕಾಗದದ್ದು.

ಕಾಗದದ ಕಾಲ ಶುರುವಾದದ್ದು 1598ರಲ್ಲಿ. ರಾಜ ಆರನೆಯ ಜೇಮ್ಸನ ಕಟ್ಟಡ ಕಾಮಗಾರಿಗಳ ಮುಖ್ಯಾಧಿಕಾರಿಯಾಗಿದ್ದ ವಿಲಿಯಂ ಶಾ ಎಂಬಾತ ಆ ವರ್ಷದ ಡಿಸೆಂಬರ್ 28ರಂದು ದೇಶದ ಕಲ್ಲುಕುಟಿಗರಿಗೆಲ್ಲ ಒಂದು ನಿಯಮಾವಳಿ ಹೊರಡಿಸಿದ. ಕಿಲ್‌ವಿನ್ನಿಂಗ್‌ನವರಿಗೆ ಅದರಿಂದ ಸಮಾಧಾನವಾದಂತೆ ಕಾಣುವುದಿಲ್ಲ. ಮರುವರ್ಷ ಅವರು ಆರ್ಚಿಬಾಲ್ಡ್ ಬಾರ್ಕ್ಲೇ ಎಂಬ ಪ್ರತಿನಿಧಿಯನ್ನು ರಾಜಧಾನಿ ಎಡಿನ್‌ಬರೋಗೆ ಕಳಿಸಿದರು. ಪಾಪ, ಆತ ಹೋದಾಗ ರಾಜ ಊರಲ್ಲಿರಲಿಲ್ಲ. ಸಭೆ ಸೇರಿದ್ದ ಮೇಸ್ತ್ರಿಗಳೂ ಎಡಿನ್‌ಬರೋ ಲಾಡ್ಜ್‌ನವರೇ, ಅಂದರೆ ಎದುರು ಪಕ್ಷದವರೇ. 1599ರ ಡಿಸೆಂಬರ್ 28ರಂದು ಶಾ ಸಹಿ ಮಾಡಿದ ಎರಡನೆಯ ನಿಯಮಾವಳಿ ಹೀಗೆ ಹೇಳಿತು: ಎಡಿನ್‌ಬರೋ ಮೊದಲ ಲಾಡ್ಜ್, ಕಿಲ್‌ವಿನ್ನಿಂಗ್ ಎರಡನೆಯದು, ಸ್ಟರ್ಲಿಂಗ್ ಮೂರನೆಯದು. ಕಿಲ್‌ವಿನ್ನಿಂಗ್‌ನ ಈ ಸ್ಥಾನ ತಮ್ಮ ಹಳೆಯ ಬರಹಗಳಿಂದಲೇ ಸ್ಪಷ್ಟವಿದೆ ಎಂಬ ಮಾತೂ ಅದರಲ್ಲಿತ್ತು.

ಬಾರ್ಕ್ಲೇ ಬರಿಗೈಯಲ್ಲೇನೂ ಮರಳಲಿಲ್ಲ. ಪಶ್ಚಿಮ ಸ್ಕಾಟ್ಲೆಂಡಿನ ಲಾಡ್ಜ್‌ಗಳ ಮೇಲ್ವಿಚಾರಣೆ ಕಿಲ್‌ವಿನ್ನಿಂಗ್‌ಗೆ ಸಿಕ್ಕಿತು. ಪ್ರತಿವರ್ಷ ಡಿಸೆಂಬರ್ 20ರಂದು ಊರಿನ ಇಗರ್ಜಿಯಲ್ಲಿ ಮುಖ್ಯಸ್ಥನ ಆಯ್ಕೆ ನಡೆಯಬೇಕೆಂದು ಗೊತ್ತಾಯಿತು. ಇನ್ನೊಂದು ವಿಚಿತ್ರ ನಿಯಮವೂ ಇತ್ತು. ಕಸುಬುದಾರರನ್ನೂ ಶಿಷ್ಯರನ್ನೂ ‘ನೆನಪಿನ ಕಲೆ’ಯಲ್ಲಿ ಪರೀಕ್ಷಿಸಬೇಕು, ಮರೆತವರಿಗೆ ದಂಡ ಹಾಕಬೇಕು! ಕಸುಬಿನ ಗುಟ್ಟುಗಳನ್ನು ಬರೆದಿಡದೆ ಬಾಯಿಂದ ಬಾಯಿಗೆ ದಾಟಿಸುತ್ತಿದ್ದ ಜನಕ್ಕೆ ನೆನಪೇ ಬಂಡವಾಳ. ತಮ್ಮವರನ್ನು ಗುರುತಿಸಲು ಅವರಲ್ಲಿ ಒಂದು ಗುಟ್ಟಿನ ಮಾತು ಇತ್ತು. ಆ ಮಾತು ತಿಳಿಯದವನ ಜೊತೆ ಕೆಲಸ ಮಾಡಕೂಡದೆಂದು 18ನೆಯ ಶತಮಾನದ ಆರಂಭದಲ್ಲಿ ಕಿಲ್‌ವಿನ್ನಿಂಗ್ ಲಾಡ್ಜ್ ಕಟ್ಟಪ್ಪಣೆ ಮಾಡಿತ್ತು. ಮುಂದೆ ಜಗತ್ತು ಬೆರಗುಗಣ್ಣಿನಿಂದ ನೋಡಿದ ಮೇಸನ್ನರ ರಹಸ್ಯದ ಒಂದು ಬೇರು ಇಲ್ಲಿದೆ. ಕೂಲಿ ಕೈತಪ್ಪದಿರಲಿ ಎಂಬ ಚಿಂತೆ ಅದು, ಅಷ್ಟೇ.

ಲಾಡ್ಜ್‌ನ ಉಳಿದಿರುವ ನಡಾವಳಿ ಪುಸ್ತಕ ಆರಂಭವಾಗುವುದು 1642ರ ಡಿಸೆಂಬರ್ 20ರಂದು. ಆಗ ಅದು ಅಪ್ಪಟ ಕೆಲಸಗಾರರ ಸಂಘ. ಆದರೆ ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಸುತ್ತಿ ಹಿಡಿದವರ ಜೊತೆ ಜಮೀನ್ದಾರರೂ ಬಂದು ಕುಳಿತಿದ್ದರು. 1672ರಲ್ಲಿ ಕ್ಯಾಸಲ್ಸ್‌ನ ಅರ್ಲ್ ಲಾಡ್ಜ್‌ನ ಮುಖ್ಯಸ್ಥ. 1674ರಲ್ಲಿ ಪಟ್ಟಣದ ಪಕ್ಕದಲ್ಲೇ ಕೋಟೆಯಿದ್ದ ಎಗ್ಲಿಂಟನ್‌ನ ಅರ್ಲ್. ಅರ್ಲ್ ಎಂದರೆ ನಮ್ಮ ಪಾಳೆಯಗಾರರ ಅಂತಸ್ತಿನವರು. ಒಂದು ದಿನವೂ ಉಳಿ ಹಿಡಿಯದ ಇವರು ಕಲ್ಲುಕುಟಿಗರ ಸಂಘಕ್ಕೆ ಯಾಕೆ ಬಂದರು? ಗುಟ್ಟಿನ ಆಕರ್ಷಣೆ ಎನ್ನುವವರಿದ್ದಾರೆ, ಊರಿನ ಮೇಲಿನ ಹಿಡಿತಕ್ಕೆ ಎನ್ನುವವರೂ ಇದ್ದಾರೆ. ಕೆಲಸಗಾರರಿಗಂತೂ ದೊಡ್ಡವರ ಆಸರೆ ಬೇಡವಾಗಿರಲಿಲ್ಲ.

1677ರ ಡಿಸೆಂಬರ್ 20ರಂದು ಕಿಲ್‌ವಿನ್ನಿಂಗ್ ಒಂದು ಜಾಣ ಹೆಜ್ಜೆ ಇಟ್ಟಿತು. ಎಡಿನ್‌ಬರೋದ ಮಗ್ಗುಲಲ್ಲೇ ಇದ್ದ ಕ್ಯಾನನ್‌ಗೇಟ್ ಪೇಟೆಯ ಕೆಲವು ಮೇಸನ್ನರು, ನಿಮ್ಮ ಹೆಸರಿನಲ್ಲಿ ಇಲ್ಲಿ ಸದಸ್ಯರನ್ನು ಸೇರಿಸಿಕೊಳ್ಳಲು ಅಪ್ಪಣೆ ಕೊಡಿ ಎಂದು ಕೇಳಿದರು, ಲಾಡ್ಜ್ ಕೊಟ್ಟಿತು. ಪ್ರತಿಸ್ಪರ್ಧಿಯ ಹೊಸ್ತಿಲಲ್ಲೇ ಮಗಳಿಗೆ ಮನೆ ಮಾಡಿಕೊಟ್ಟಂತೆ. ಕಿಲ್‌ವಿನ್ನಿಂಗ್‌ಗೆ ‘ತಾಯಿ’ ಎಂಬ ಹೆಸರು ಬಂದದ್ದು ಇಂಥ ಮಕ್ಕಳಿಂದ.

ಸ್ಕಾಟ್ಲೆಂಡಿನ ಹಲವು ಲಾಡ್ಜ್‌ಗಳು ಸೇರಿ 1736ರ ನವೆಂಬರ್ 30ರಂದು ಒಂದು ಗ್ರ್ಯಾಂಡ್ ಲಾಡ್ಜ್ ಕಟ್ಟಿಕೊಂಡಾಗ ಮುಂದಾಳತ್ವ ವಹಿಸಿದ್ದು ನಾಲ್ಕು ಲಾಡ್ಜ್‌ಗಳು. ಒಂದು ಎಡಿನ್‌ಬರೋದ್ದು. ಉಳಿದ ಮೂರೂ ತಮ್ಮ ಹೆಸರಿನಲ್ಲಿ ಕಿಲ್‌ವಿನ್ನಿಂಗ್ ಎಂದು ಹೊತ್ತವು! ಮೊದಲ ಗ್ರ್ಯಾಂಡ್ ಮಾಸ್ಟರ್ ಆಗಿ ಆಯ್ಕೆಯಾದ ರಾಸ್ಲಿನ್‌ನ ವಿಲಿಯಂ ಸಿಂಕ್ಲೇರ್ ಕೂಡ ಅದೇ ಕ್ಯಾನನ್‌ಗೇಟ್ ಮಗಳ ಮನೆಯವನು. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ನೆಲೆಸಿದ್ದ ಆಂಡ್ರ್ಯೂ ರಾಮ್ಸೆ ಎಂಬ ಸ್ಕಾಟ್ಲೆಂಡಿನ ವಿದ್ವಾಂಸ, 1286ರಲ್ಲೇ ಕಿಲ್‌ವಿನ್ನಿಂಗ್‌ನಲ್ಲಿ ಲಾಡ್ಜ್ ಇತ್ತೆಂದು ಒಂದು ಭಾಷಣ ಬರೆದು, ಆ ಸಣ್ಣ ಊರಿನ ಹೆಸರನ್ನು ಯುರೋಪಿಗೆಲ್ಲ ಹರಡಿದ. ಪುರಾವೆ ಏನೂ ಕೊಡಲಿಲ್ಲ. ಅವನೂ ಆ ಸೀಮೆಯವನೇ ಎಂಬುದನ್ನು ಇಲ್ಲಿ ನೆನೆಯಬಹುದು.

ಇಷ್ಟೆಲ್ಲ ಇದ್ದೂ ಹಿರಿತನದ ಪಟ್ಟಿ ಮಾಡುವಾಗ ಗ್ರ್ಯಾಂಡ್ ಲಾಡ್ಜ್ ಕೇಳಿದ್ದು ಒಂದೇ: ದಾಖಲೆ ತೋರಿಸಿ. ಎಡಿನ್‌ಬರೋ 1599ರ ಜುಲೈ 31ರಿಂದ ಆರಂಭವಾಗುವ ತನ್ನ ಪುಸ್ತಕವನ್ನು ಮುಂದಿಟ್ಟಿತು. ಕಿಲ್‌ವಿನ್ನಿಂಗ್ ಬಳಿ ಇದ್ದದ್ದು 1642ರದು. ತಾಯಿಗೆ ಎರಡನೆಯ ಸ್ಥಾನ. ನೆನಪನ್ನೇ ಪರೀಕ್ಷಿಸುತ್ತಿದ್ದ ಲಾಡ್ಜ್‌ಗೆ ನೆನಪು ಸಾಲದೆ ಬಂದದ್ದು ವಿಧಿಯ ಅಣಕವೇ ಸರಿ. 1743ರಲ್ಲಿ ಅದು ಗ್ರ್ಯಾಂಡ್ ಲಾಡ್ಜ್‌ನಿಂದ ಹೊರನಡೆಯಿತು.

ಹೊರನಡೆದು ಸುಮ್ಮನೆ ಕೂರಲಿಲ್ಲ. ಒಂದು ಪಟ್ಟಣದ ಲಾಡ್ಜ್ ತಾನೇ ಗ್ರ್ಯಾಂಡ್ ಲಾಡ್ಜ್ ಎಂಬಂತೆ ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕದ ವರ್ಜೀನಿಯಾಗಳಲ್ಲಿ ಹೊಸ ಲಾಡ್ಜ್‌ಗಳಿಗೆ ಸನ್ನದು ಕೊಡುತ್ತ ಹೋಯಿತು. ಹಾಗೆ 1771ರಲ್ಲಿ ಸನ್ನದು ಪಡೆದದ್ದು ಟಾರ್ಬೋಲ್ಟನ್ ಹಳ್ಳಿಯ ಒಂದು ಲಾಡ್ಜ್. 1784ರಲ್ಲಿ ಅದರ ಉಪಮುಖ್ಯಸ್ಥನಾದ ಇಪ್ಪತ್ತೈದರ ರೈತ ಯುವಕನೇ ಕವಿ ರಾಬರ್ಟ್ ಬರ್ನ್ಸ್.

ಕೊನೆಗೆ ಎರಡೂ ಕಡೆಯವರು ಬಳಲಿದರು. 1807ರಲ್ಲಿ ರಾಜಿಯಾಯಿತು. ಕಿಲ್‌ವಿನ್ನಿಂಗ್ ಸನ್ನದು ಕೊಡುವ ಹಕ್ಕನ್ನು ಬಿಟ್ಟುಕೊಟ್ಟಿತು. ಪ್ರತಿಯಾಗಿ ಪಟ್ಟಿಯ ನೆತ್ತಿಯ ಮೇಲೆ, ಸಂಖ್ಯೆಯೇ ಇಲ್ಲದೆ ಅದರ ಹೆಸರು ಕುಳಿತಿತು. ಅದರ ಮುಖ್ಯಸ್ಥನಿಗೆ ಏರ್‌ಷೈರ್ ಪ್ರಾಂತದ ಮೇಸನ್ನರ ನಾಯಕತ್ವವೂ ದೊರೆಯಿತು. ಎಡಿನ್‌ಬರೋ ಲಾಡ್ಜ್ ಪ್ರತಿಭಟಿಸಿತು. ಆದರೆ ಅದರ 1ನೆಯ ಸಂಖ್ಯೆಯನ್ನು ಯಾರೂ ಕಿತ್ತುಕೊಂಡಿರಲಿಲ್ಲವಲ್ಲ! ಸಂಖ್ಯೆಯಿಲ್ಲದ ಆ ಖಾಲಿ ಜಾಗದಲ್ಲಿ ಮುಂದೆ ಸೊನ್ನೆ ಬಂದು ನಿಂತಿತು.

ಹಾಗಾದರೆ ಬಾರ್ಕ್ಲೇ ಪಡೆದುಬಂದ 1599ರ ಕಾಗದ ಎಲ್ಲಿ ಹೋಗಿತ್ತು? ಅದು ಬೆಳಕಿಗೆ ಬಂದದ್ದು 19ನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ, ಎಗ್ಲಿಂಟನ್ ಕೋಟೆಯ ದಾಖಲೆ ಪೆಟ್ಟಿಗೆಯಲ್ಲಿ. ಲಾಡ್ಜ್‌ನ ಬಾಗಿಲಿನಿಂದ ನಡೆದುಹೋಗುವಷ್ಟು ದೂರ, ಒಮ್ಮೆ ಅದರ ಮುಖ್ಯಸ್ಥನಾಗಿದ್ದವನದೇ ಮನೆತನ. ಹಿರಿತನದ ವ್ಯಾಜ್ಯ ನಡೆದಾಗಲೇ ಅದು ಸಿಕ್ಕಿದ್ದರೆ 1642ಕ್ಕೂ ಹಿಂದೆ ಲಾಡ್ಜ್ ಇತ್ತೆಂಬುದು ಸಾಬೀತಾಗುತ್ತಿತ್ತು, ನಿಜ. ಆದರೆ ಎಡಿನ್‌ಬರೋ ಮೊದಲು, ಕಿಲ್‌ವಿನ್ನಿಂಗ್ ಎರಡನೆಯದು ಎಂಬ ಸಾಲೂ ಅದೇ ಹಾಳೆಯಲ್ಲಿತ್ತು; ಆಗ ಸೊನ್ನೆಯನ್ನು ಕೇಳಿ ಪಡೆಯುವುದು ಕಷ್ಟವಾಗುತ್ತಿತ್ತು. ಕಾಗದ ಸಿಕ್ಕಿದ ಮೇಲೆ ಪಟ್ಟಿಯನ್ನು ಯಾರೂ ತಿದ್ದಲಿಲ್ಲ. ಎಡಿನ್‌ಬರೋ ಈಗಲೂ 1. ಕಿಲ್‌ವಿನ್ನಿಂಗ್ ಅದರ ಮೇಲಿನ ಸಾಲಿನಲ್ಲಿದೆ.