ಕೂಲಿ ವ್ಯಾಜ್ಯದ ವಾಯಿದೆಯನ್ನು ಊರಿನಲ್ಲಿದ್ದೇ ತಿಳಿಯುವ ಕ್ರಮ

"ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆಯು ಹಳ್ಳಿಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಆದರೆ ವಾಯಿದೆಯ ದಿನವನ್ನರಿಯದೆ, ಹಾಜರಾಗದೆಯೇ ಸೋಲುವುದು ಇದಕ್ಕಿಂತಲೂ ಹೆಚ್ಚಿನ ನಷ್ಟ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳ ಯಜಮಾನರೂ ಆಳುಗಳೂ ಈ ವಿಷಯದಲ್ಲಿ ಎಚ್ಚರದಿಂದಿರುವುದು ಅವಶ್ಯಕವಾಗಿರುತ್ತದೆ.

ತೋಟದ ಯಜಮಾನನೊಬ್ಬನು ಆಳೊಬ್ಬನನ್ನು ಕೆಲಸದಿಂದ ತೆಗೆದನೆಂದಿಟ್ಟುಕೊಳ್ಳೋಣ. ಇಂತಹ ವ್ಯಾಜ್ಯಗಳು ಹಿಂದೆ 1947ನೆಯ ಇಸವಿಯ ಕೈಗಾರಿಕಾ ವಿವಾದಗಳ ಕಾಯಿದೆಗೆ ಒಳಪಟ್ಟಿದ್ದವು. 2025ನೆಯ ಇಸವಿ ನವೆಂಬರ್ 21ರಿಂದ, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಜಾರಿಗೆ ಬಂದಿದೆ. ಇದರಂತೆ ಅಹವಾಲು ಮೊದಲು ಸಂಧಾನಾಧಿಕಾರಿಯ ಮುಂದೆ ಹೋಗತಕ್ಕದ್ದು. 45 ದಿನಗಳೊಳಗೆ ರಾಜಿಯಾಗದಿದ್ದರೆ ಆಳು ನೇರವಾಗಿ ನ್ಯಾಯಾಧಿಕರಣಕ್ಕೆ ಅರ್ಜಿ ಕೊಡಬಹುದು. ಆದರೆ ತೆಗೆದ ದಿನದಿಂದ 2 ವರ್ಷಗಳೊಳಗಾಗಿ ಕೊಡಬೇಕು.

ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಯಜಮಾನನು ವಾಯಿದೆಗೆ ಗೈರುಹಾಜರಾದರೆ, ವಿಚಾರಣೆಯು ಏಕಪಕ್ಷೀಯವಾಗಿ ನಡೆದು, ಆಳನ್ನು ಮರಳಿ ಕೆಲಸಕ್ಕೆ ಸೇರಿಸಿ ಹಿಂಬಾಕಿ ಕೂಲಿಯನ್ನು ಕೊಡಬೇಕೆಂದು ತೀರ್ಪಾಗಬಹುದು. ಆಳು ಬಾರದಿದ್ದರೆ ಅವನ ಅರ್ಜಿಯೇ ವಜಾ ಆಗಬಹುದು. ಎರಡು ಕಡೆಗೂ ದಿನದ ಅರಿವೇ ಮೊದಲನೆಯ ರಕ್ಷಣೆ.

ಇದಕ್ಕಾಗಿ ಇ-ಕೋರ್ಟ್ಸ್ ಎಂಬ ಸರ್ಕಾರಿ ಅಂತರ್ಜಾಲ ತಾಣವೂ ಅದರ ಮೊಬೈಲ್ ಆ್ಯಪ್ ಸಹ ಇವೆ. ಮೊಕದ್ದಮೆಯ ಸ್ಥಿತಿಯನ್ನು ನೋಡಲು ಶುಲ್ಕವಿಲ್ಲ. ಅನುಸರಿಸತಕ್ಕ ಕ್ರಮವು ಹೀಗಿದೆ:

1. ಪ್ರತಿಯೊಂದು ಮೊಕದ್ದಮೆಗೂ ಸಿ.ಎನ್.ಆರ್. ಎಂಬ 16 ಅಕ್ಷರ ಮತ್ತು ಅಂಕಿಗಳ ಗುರುತು ಇರುತ್ತದೆ. ಕರ್ನಾಟಕದ ಮೊಕದ್ದಮೆಗಳಲ್ಲಿ ಇದು 'ಕೆ.ಎ.' ಎಂಬ ಇಂಗ್ಲಿಷ್ ಅಕ್ಷರಗಳಿಂದ ಮೊದಲಾಗಿ, ದಾಖಲಾದ ಇಸವಿಯ 4 ಅಂಕಿಗಳಿಂದ ಮುಗಿಯುತ್ತದೆ. ಇದನ್ನು ವಕೀಲರಿಂದ ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು.

2. ತಾಣದಲ್ಲಿ ಈ ಗುರುತನ್ನೂ, ಚಿತ್ರದಲ್ಲಿ ಕಾಣುವ ಅಕ್ಷರಗಳನ್ನೂ ತಪ್ಪಿಲ್ಲದೆ ತುಂಬಬೇಕು. ಆಗ ಮುಂದಿನ ವಾಯಿದೆ, ಮೊಕದ್ದಮೆಯ ಹಂತ, ಉಭಯ ಪಕ್ಷಗಳ ಹೆಸರು, ಹಿಂದಿನ ವಾಯಿದೆಗಳ ವಿವರ ಇವೆಲ್ಲವೂ ಕಾಣುತ್ತವೆ.

3. ಗುರುತು ತಿಳಿಯದಿದ್ದರೆ ಜಿಲ್ಲೆಯನ್ನೂ ನ್ಯಾಯಾಲಯವನ್ನೂ ಆರಿಸಿ, ಪಕ್ಷಗಾರರ ಹೆಸರು ಮತ್ತು ಇಸವಿಯಿಂದ ಹುಡುಕಬಹುದು. ಹೆಸರಿನ ಇಂಗ್ಲಿಷ್ ಬರಹವು ದಾಖಲೆಯಲ್ಲಿ ಬೇರೆಯಾಗಿರಬಹುದಾದ್ದರಿಂದ ಎರಡು ಮೂರು ವಿಧವಾಗಿ ಬರೆದು ನೋಡುವುದು ಒಳ್ಳೆಯದು.

4. ಆ್ಯಪ್‌ನಲ್ಲಿ ಮೊಕದ್ದಮೆಯನ್ನು ಒಮ್ಮೆ ಉಳಿಸಿಟ್ಟುಕೊಂಡರೆ, ಮತ್ತೆ ಮತ್ತೆ ಹುಡುಕುವ ಶ್ರಮವಿಲ್ಲ.

ಸಂಧಾನಾಧಿಕಾರಿಯ ಮುಂದಿರುವ ಅಹವಾಲು ಈ ತಾಣದಲ್ಲಿ ಕಾಣುವುದಿಲ್ಲ. ಅದನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿಯೇ ವಿಚಾರಿಸತಕ್ಕದ್ದು. ತಮ್ಮ ನ್ಯಾಯಾಲಯದ ಹೆಸರು ಪಟ್ಟಿಯಲ್ಲಿ ಕಾಣದಿದ್ದಾಗಲೂ ಆ ಕಚೇರಿಯನ್ನೇ ಕೇಳಬೇಕು. ತಾಣದ ವಿವರವು ತಿಳಿವಳಿಕೆಗೆ ಮಾತ್ರವೇ ಹೊರತು, ತೀರ್ಪಿನ ದೃಢೀಕೃತ ನಕಲಿಗೆ ಸಮನಲ್ಲ. ವಾಯಿದೆಗೆ ಮೂರು ನಾಲ್ಕು ದಿನ ಮುಂಚಿತವಾಗಿ ತಾಣವನ್ನು ನೋಡಿ, ವಕೀಲರೊಡನೆಯೂ ಖಚಿತಪಡಿಸಿಕೊಳ್ಳುವುದು ಕ್ಷೇಮಕರ.

ಓದುಬರಹವಿಲ್ಲದ ಆಳಿಗೆ ತನ್ನ ಮೊಕದ್ದಮೆಯ ದಿನವನ್ನು ನೋಡಿ ತಿಳಿಸುವುದು ಊರಿನ ಮುಖಂಡರಿಗೆ ಐದು ನಿಮಿಷದ ಕೆಲಸ. ಅವನಿಗಾದರೋ ಅದು ವರ್ಷದ ಅನ್ನದ ಪ್ರಶ್ನೆ. ಬಿತ್ತನೆಯ ಹದವನ್ನು ತಪ್ಪಿಸಿಕೊಳ್ಳದ ರೈತನು ವಾಯಿದೆಯ ದಿನವನ್ನೂ ತಪ್ಪಿಸಿಕೊಳ್ಳಬಾರದು. ಉಭಯರೂ ದಿನವನ್ನರಿತು ಹಾಜರಾದಲ್ಲಿ, ನ್ಯಾಯಾಲಯದ ಅಂಗಳದಲ್ಲಿಯೇ ರಾಜಿಯಾಗುವ ಅವಕಾಶವೂ ದೊರೆಯುತ್ತದೆ.