ಲಾರಿಯ ಪವರ್ ಸ್ಟಿಯರಿಂಗಿನಲ್ಲಿ ಎಣ್ಣೆಯ ಸೋರಿಕೆ

ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮ ವಿಭಾಗದ ಕಾರ್ಯಾಗಾರಕ್ಕೆ ಹತ್ತು ಚಕ್ರಗಳ ಸರಕುಲಾರಿಯೊಂದು ಬಂದಿತು. ಮಂಗಳೂರಿನ ಬಂದರಿನಿಂದ ಶಿರಾಡಿ ಘಾಟಿಯ ಮಾರ್ಗವಾಗಿ ಹಾಸನದ ಕಡೆಗೆ ಸರಕು ಸಾಗಿಸುವ ಲಾರಿ ಅದು. ಅದರ ಸ್ಟಿಯರಿಂಗ್ ಬಾಕ್ಸಿನಿಂದ ಎಣ್ಣೆ ಸೋರುತ್ತಿದ್ದಿತು. ಬಾಕ್ಸಿನ ಮೇಲ್ತುದಿಯ ಆಯಿಲ್ ಸೀಲನ್ನು ನಾಲ್ಕು ತಿಂಗಳೊಳಗೆ ಎರಡು ಸಲ ಬದಲಿಸಿದ್ದರು. ಎರಡು ಸಲವೂ ಕೆಲವೇ ವಾರಗಳಲ್ಲಿ ಸೋರಿಕೆ ಮರುಕಳಿಸಿತ್ತು. ಇನ್ನು ಇಡೀ ಬಾಕ್ಸನ್ನೇ ಬದಲಿಸದೆ ಗತ್ಯಂತರವಿಲ್ಲವೆಂದು ಗ್ಯಾರೇಜಿನವರು ಹೇಳಿದಾಗ, ಸಾಲದ ಕಂತು ಕಟ್ಟುವುದಕ್ಕೇ ಹೆಣಗುತ್ತಿದ್ದ ಮಾಲೀಕರು ನಮ್ಮ ವಿದ್ಯಾರ್ಥಿಯೊಬ್ಬನ ಮೂಲಕ ನಮ್ಮಲ್ಲಿಗೆ ಬಂದರು. ಲಾರಿಯ ಚಾಲಕರೂ ಅವರೇ. ಘಾಟಿಯ ಒಂದು ತಿರುವಿನಲ್ಲಿ ಸ್ಟಿಯರಿಂಗು ಇದ್ದಕ್ಕಿದ್ದಂತೆ ಕಲ್ಲಿನಂತೆ ಬಿಗಿಯಾಯಿತೆಂದೂ, ಎರಡು ಕೈಗಳೂ ಸಾಲದೆ ಎದೆ ಕೊಟ್ಟು ತಿರುಗಿಸಬೇಕಾಯಿತೆಂದೂ ಅವರು ತಿಳಿಸಿದರು.

ಸೋರಿಕೆಯೆಂಬುದು ಮೇಲುನೋಟಕ್ಕೆ ಸರಳವಾದ ದೋಷ. ಎಣ್ಣೆ ಎಲ್ಲಿ ಕಾಣುತ್ತದೆಯೋ ಅಲ್ಲಿ ಬಿಗಿ ಮಾಡಿದರೆ ಸಾಕೆಂದು ತೋರುತ್ತದೆ. ಆದರೆ ಎಣ್ಣೆ ಕಾಣಿಸಿಕೊಳ್ಳುವ ಸ್ಥಳ ಒಂದು, ಅದು ಹೊರಬೀಳುವ ಸ್ಥಳ ಇನ್ನೊಂದು, ಹೊರಬೀಳುವಂತೆ ಮಾಡಿದ ಕಾರಣವಿರುವ ಸ್ಥಳ ಮತ್ತೊಂದು ಆಗಿರಬಹುದು. ಈ ಮೂರನ್ನೂ ಬೇರ್ಪಡಿಸದೆ ಕೈಗೊಂಡ ದುರಸ್ತಿ ನಿಲ್ಲುವುದಿಲ್ಲವೆಂಬುದನ್ನು ಈ ಲಾರಿಯ ನಿದರ್ಶನದಿಂದ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಯಂತ್ರದ ವಿಚಾರ. ಭಾರ ಹೊತ್ತ ಲಾರಿಯ ಮುಂಚಕ್ರಗಳನ್ನು ಕೇವಲ ತೋಳ್ಬಲದಿಂದ ತಿರುಗಿಸುವುದು ಎಂತಹ ಶ್ರಮವೆಂಬುದನ್ನು ಹಳೆಯ ಲಾರಿಗಳನ್ನು ನಡೆಸಿದವರು ಬಲ್ಲರು. ಅಮೆರಿಕದ ಪಿಯರ್ಸ್-ಆರೋ ಸಂಸ್ಥೆಯ ಲಾರಿ ವಿಭಾಗದಲ್ಲಿ ಎಂಜಿನಿಯರಾಗಿದ್ದ ಫ್ರಾನ್ಸಿಸ್ ಡೇವಿಸ್ ಈ ಶ್ರಮವನ್ನು ಕಂಡೇ ದ್ರವದ ಒತ್ತಡದಿಂದ ನೆರವು ಪಡೆಯುವ ಏರ್ಪಾಡನ್ನು ರೂಪಿಸಿ, 1926ರಲ್ಲಿ ಅದನ್ನು ವಾಹನವೊಂದರಲ್ಲಿ ಅಳವಡಿಸಿ ತೋರಿಸಿದನು. ಮಾರಾಟದ ಕಾರಿನಲ್ಲಿ ಪವರ್ ಸ್ಟಿಯರಿಂಗು ಬಂದುದು 1951ರಲ್ಲಿ, ಕ್ರೈಸ್ಲರ್ ಸಂಸ್ಥೆಯ ಇಂಪೀರಿಯಲ್ ಕಾರಿನೊಡನೆ. ಈಚಿನ ಸಣ್ಣ ಕಾರುಗಳಲ್ಲಿ ಎಣ್ಣೆಯ ಕೆಲಸವನ್ನು ವಿದ್ಯುತ್ ಮೋಟಾರು ಬಹುಮಟ್ಟಿಗೆ ವಹಿಸಿಕೊಂಡಿದೆಯಾದರೂ, ಭಾರಿ ಲಾರಿಗಳಲ್ಲಿ ಎಣ್ಣೆಯದೇ ಇಂದಿಗೂ ಪ್ರಾಧಾನ್ಯ.

ಎಂಜಿನಿನಿಂದ ತಿರುಗುವ ಪಂಪು ಸಣ್ಣದೊಂದು ಟ್ಯಾಂಕಿನಿಂದ ಎಣ್ಣೆಯನ್ನು ಎಳೆದುಕೊಂಡು, ಗಟ್ಟಿಯಾದ ಒತ್ತಡದ ಕೊಳವೆಯ ಮೂಲಕ ಸ್ಟಿಯರಿಂಗ್ ಬಾಕ್ಸಿಗೆ ಕಳುಹಿಸುತ್ತದೆ. ಬಾಕ್ಸಿನೊಳಗೆ ಒಂದು ಕವಾಟವೂ ಒಂದು ಪಿಸ್ಟನ್ನೂ ಇವೆ. ಸ್ಟಿಯರಿಂಗನ್ನು ತಿರುಗಿಸಿದಾಗ ಒಳಗಿನ ತೆಳುವಾದ ಉಕ್ಕಿನ ಸಲಾಕೆಯೊಂದು ಕೆಲವು ಅಂಶಗಳಷ್ಟು ತಿರುಚಿಕೊಳ್ಳುತ್ತದೆ; ಅಷ್ಟರಿಂದಲೇ ಕವಾಟವು ಪಿಸ್ಟನ್ನಿನ ಒಂದು ಪಕ್ಕಕ್ಕೆ ಎಣ್ಣೆಯನ್ನು ಬಿಡುತ್ತದೆ. ಲಾರಿ ನೇರವಾಗಿ ಸಾಗುತ್ತಿರುವಾಗ ಎಣ್ಣೆ ಯಾವ ಕೆಲಸವನ್ನೂ ಮಾಡದೆ ಕವಾಟವನ್ನು ದಾಟಿ, ಮರಳುವ ಕೊಳವೆಯ ಮೂಲಕ ಟ್ಯಾಂಕಿಗೆ ಹಿಂತಿರುಗುತ್ತದೆ. ಆಗ ಒತ್ತಡ ಕೆಲವೇ ಬಾರ್‌ಗಳಷ್ಟು. ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗಲಾದರೋ ಅದು 100ರಿಂದ 150 ಬಾರ್‌ವರೆಗೆ ಏರಬಲ್ಲದು. 8 ಸೆಂಟಿಮೀಟರ್ ವ್ಯಾಸದ ಪಿಸ್ಟನ್ನಿನ ಮುಖ ಸುಮಾರು 50 ಚದರ ಸೆಂಟಿಮೀಟರ್ ಇರುತ್ತದೆ. 100 ಬಾರ್ ಒತ್ತಡ ಅದರ ಮೇಲೆ ಬಿದ್ದರೆ ಸುಮಾರು 5 ಟನ್ ಭಾರಕ್ಕೆ ಸಮನಾದ ಬಲ ದೊರಕುತ್ತದೆ. ಕಾಲೇಜಿನ ಪಾಠದಲ್ಲಿ ಪ್ಯಾಸ್ಕಲನ ನಿಯಮವೆಂದು ಓದುವುದು ಇಲ್ಲಿ ಚಾಲಕನ ತೋಳಾಗಿ ಪರಿಣಮಿಸಿದೆ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಸ್ಟಿಯರಿಂಗಿನ ದಂಡ ಬಾಕ್ಸನ್ನು ಪ್ರವೇಶಿಸುವ ಮೇಲ್ತುದಿಯ ಕೋಣೆ ಒತ್ತಡದ ಕೊಳವೆಗೆ ಸೇರಿದುದಲ್ಲ, ಮರಳುವ ಕೊಳವೆಗೆ ಸೇರಿದುದು. ಆದುದರಿಂದ ಅಲ್ಲಿಯ ಸೀಲು ನೂರು ಬಾರ್‌ಗಳನ್ನು ತಡೆಯಲು ರಚಿತವಾದುದಲ್ಲ. ಮರಳಿ ಹೋಗುವ ಎಣ್ಣೆಯ ಅಲ್ಪ ಒತ್ತಡವನ್ನು ತಡೆಯುವುದಷ್ಟೇ ಅದರ ಕೆಲಸ.

ಇನ್ನು ಪರೀಕ್ಷೆ. ಸೋರುತ್ತಿರುವುದು ಯಾವ ದ್ರವವೆಂಬುದೇ ಮೊದಲ ಪ್ರಶ್ನೆ. ಲಾರಿಯ ಕೆಳಗೆ ಬಿಳಿಯ ಕಾಗದವನ್ನು ಹಾಸಿ ತೊಟ್ಟನ್ನು ಹಿಡಿದರೆ ಬಹುಪಾಲು ತಿಳಿದುಬರುತ್ತದೆ. ಡೀಸೆಲ್ ಎಂಜಿನಿನ ಎಣ್ಣೆ ಕಪ್ಪು. ಗೇರಿನ ಎಣ್ಣೆಗೆ ಗಂಧಕದ ಕಟುವಾಸನೆ. ರೇಡಿಯೇಟರಿನ ನೀರು ಬೆರಳಿಗೆ ಜಿಡ್ಡಾದರೂ ನೀರಿನಲ್ಲಿ ಬೆರೆಯುತ್ತದೆ. ಪವರ್ ಸ್ಟಿಯರಿಂಗಿಗೆ ಅನೇಕ ಲಾರಿಗಳಲ್ಲಿ ಬಳಸುವ ಎ.ಟಿ.ಎಫ್. ಎಣ್ಣೆಗೆ ತಯಾರಕರು ಕೆಂಪು ಬಣ್ಣ ಬೆರೆಸಿರುತ್ತಾರೆ. ಹಳತಾದಂತೆ ಅದು ಕಂದಾಗುತ್ತದೆ. ಸುಟ್ಟ ವಾಸನೆ ಬಂದರೆ ಎಣ್ಣೆ ಅತಿಯಾಗಿ ಕಾದಿದೆಯೆಂದು ತಿಳಿಯಬೇಕು.

ಎರಡನೆಯ ಪ್ರಶ್ನೆ, ಎಣ್ಣೆ ಎಲ್ಲಿಂದ ಹೊರಡುತ್ತದೆಂಬುದು. ಎಣ್ಣೆ ಕೆಳಕ್ಕೆ ಹರಿಯುತ್ತದೆ. ಲಾರಿ ಓಡುವಾಗ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಆದಕಾರಣ ಪಂಪಿನ ಬಳಿಯ ಸೋರಿಕೆ ಬಾಕ್ಸಿನ ಅಡಿಯಲ್ಲಿಯೂ, ಬಾಕ್ಸಿನ ಮೇಲಿನ ಸೋರಿಕೆ ಕೆಳಗಿನ ಡ್ರಾಪ್ ಆರ್ಮಿನಲ್ಲಿಯೂ ತೊಟ್ಟಿಕ್ಕುವುದು ಸಾಮಾನ್ಯ. ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೂ ಮುಂದಿನದೂ ಮೂಲಕ್ಕೆ ಹತ್ತಿರವಾದುದು. ಎಣ್ಣೆ ಧೂಳುಗಳ ಹಳೆಯ ಪದರದ ಮೇಲೆ ಇದನ್ನು ನಿರ್ಣಯಿಸಲಾಗದು. ಆದುದರಿಂದ ಎಲ್ಲವನ್ನೂ ಸೀಮೆಎಣ್ಣೆಯಿಂದ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ, ಕೂಡುಗಳ ಮೇಲೆಲ್ಲ ಟಾಲ್ಕಂ ಪುಡಿಯನ್ನು ತೆಳುವಾಗಿ ಉದುರಿಸಬೇಕು. ಅನಂತರ ಎಂಜಿನನ್ನು ನಡೆಸಿ, ಒಬ್ಬರು ಸ್ಟಿಯರಿಂಗನ್ನು ಎರಡು ಕಡೆಗೂ ತಿರುಗಿಸುತ್ತಿದ್ದರೆ, ಪುಡಿ ಮೊದಲು ನೆನೆಯುವ ಜಾಗ ತಾನಾಗಿ ಕಣ್ಣಿಗೆ ಬೀಳುತ್ತದೆ. ಇಷ್ಟಕ್ಕೆ ಬೆಲೆಬಾಳುವ ಉಪಕರಣವೇನೂ ಬೇಡ.

ಈ ಪರೀಕ್ಷೆಯಲ್ಲಿ ಒತ್ತಡದ ಕೊಳವೆಯ ಮೇಲೆ ಕೈಯಾಡಿಸಿ ಸೋರಿಕೆಯನ್ನು ಹುಡುಕುವ ಅಭ್ಯಾಸವನ್ನು ನಾವು ನಮ್ಮ ವಿದ್ಯಾರ್ಥಿಗಳಿಗೆ ಸಂಪೂರ್ಣವಾಗಿ ನಿಷೇಧಿಸಿದ್ದೇವೆ. 100 ಬಾರ್ ಒತ್ತಡದ ಎಣ್ಣೆ ಸೂಜಿಮೊನೆಯಷ್ಟು ರಂಧ್ರದಿಂದ ಹೊರಡುವಾಗ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಅದರ ವೇಗ ಸೆಕೆಂಡಿಗೆ 150 ಮೀಟರಿನಷ್ಟಾಗುತ್ತದೆ. ಅದು ಚರ್ಮವನ್ನು ಭೇದಿಸಿ ಒಳಸೇರಬಲ್ಲದು. ಹೊರಗೆ ಕಾಣುವುದು ಇರುವೆ ಕಚ್ಚಿದಂತಹ ಚುಕ್ಕೆ ಮಾತ್ರ. ನೋವೂ ಮೊದಲಲ್ಲಿ ಅಲ್ಪ. ಆದರೆ ತತ್‌ಕ್ಷಣ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಸಂಭವವುಂಟು. ಸಂದೇಹವಿದ್ದ ಕಡೆ ರಟ್ಟಿನ ತುಂಡನ್ನು ದೂರದಿಂದ ಹಿಡಿಯತಕ್ಕದ್ದು.

ಹೊರಗೆ ಒಂದು ತೊಟ್ಟೂ ಕಾಣದೆ ಟ್ಯಾಂಕಿನ ಎಣ್ಣೆ ಇಳಿಯುವ ಸಂದರ್ಭವೂ ಇದೆ. ಅನೇಕ ಡೀಸೆಲ್ ಎಂಜಿನುಗಳಲ್ಲಿ ಪಂಪು ಬೆಲ್ಟಿನಿಂದಲ್ಲದೆ ಎಂಜಿನಿನ ಗೇರುಗಳಿಂದಲೇ ತಿರುಗುತ್ತದೆ. ಅಂತಹ ಪಂಪಿನ ದಂಡದ ಸೀಲು ಹಾಳಾದರೆ ಎಣ್ಣೆ ಎಂಜಿನಿನ ಒಳಕ್ಕೇ ಸೋರಬಹುದು. ಟ್ಯಾಂಕು ಬರಿದಾಗುತ್ತಿರುವಾಗ ಎಂಜಿನಿನ ಎಣ್ಣೆಯ ಮಟ್ಟ ಏರುತ್ತಿರುವುದೇ ಇದರ ಗುರುತು. ತೆಳುವಾದ ಎಣ್ಣೆ ಬೆರೆತು ಎಂಜಿನಿನ ಬೇರಿಂಗುಗಳಿಗೂ ಹಾನಿಯಾಗುವುದರಿಂದ ಇದನ್ನು ಅಲಕ್ಷಿಸಲಾಗದು. ಇದಕ್ಕೆ ವಿಪರೀತವಾದ ಇನ್ನೊಂದು ಸಂದರ್ಭವಿದೆ: ಟ್ಯಾಂಕಿನಿಂದ ಪಂಪಿಗೆ ಬರುವ ಕೊಳವೆಯ ಕ್ಲಿಪ್ಪು ಸಡಿಲವಾದರೆ ಅಲ್ಲಿ ಎಣ್ಣೆ ಹೊರಬರುವ ಬದಲು ಗಾಳಿ ಒಳನುಗ್ಗುತ್ತದೆ. ಎಣ್ಣೆ ನೊರೆಯಾಗಿ ಟ್ಯಾಂಕಿನ ಮುಚ್ಚಳದಿಂದ ಉಕ್ಕುತ್ತದೆ, ಪಂಪು ಕೀರಲುದನಿಯಲ್ಲಿ ಕೂಗುತ್ತದೆ. ಮುಚ್ಚಳವನ್ನು ಬದಲಿಸಿ ಇದನ್ನು ನಿಲ್ಲಿಸಲು ಹೊರಟವರನ್ನು ನಾವು ಕಂಡಿದ್ದೇವೆ.

ಈಗ ನಮ್ಮ ಲಾರಿಗೆ ಬರೋಣ. ಅದರ ಪಂಪು, ಕೊಳವೆಗಳ ಕೂಡುಗಳು, ಡ್ರಾಪ್ ಆರ್ಮಿನ ಮೇಲಿನ ಸೀಲು ಎಲ್ಲವೂ ಒಣಗಿಯೇ ಇದ್ದುವು. ಪುಡಿ ನೆನೆದುದು ಬಾಕ್ಸಿನ ಮೇಲ್ತುದಿಯಲ್ಲಿ, ಎರಡು ಸಲ ಬದಲಾಗಿದ್ದ ಆ ಸೀಲಿನ ಅಂಚಿನಲ್ಲಿಯೇ. ಸುಮಾರು ಹತ್ತು ಸೆಕೆಂಡಿಗೆ ಒಂದು ತೊಟ್ಟು ಬೀಳುತ್ತಿದ್ದಿತು. ಇಪ್ಪತ್ತು ತೊಟ್ಟಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ದಿನಕ್ಕೆ ಹತ್ತು ಗಂಟೆ ಓಡುವ ಲಾರಿಗೆ ಇದು 180 ಮಿಲಿಲೀಟರ್. ಹತ್ತು ದಿನಕ್ಕೆ 1.8 ಲೀಟರ್. ಇಡೀ ವ್ಯವಸ್ಥೆಯಲ್ಲಿರುವುದೇ ಕೆಲವು ಲೀಟರುಗಳಷ್ಟು ಎಣ್ಣೆಯಾದ್ದರಿಂದ, ಘಾಟಿಯ ಕಡಿದಾದ ತಿರುವಿನಲ್ಲಿ ಪಂಪು ಎಣ್ಣೆಗೆ ಬದಲಾಗಿ ಗಾಳಿಯನ್ನು ಎಳೆದುದರಲ್ಲಿ ಆಶ್ಚರ್ಯವಿಲ್ಲ. ಗ್ಯಾರೇಜಿನವರು ಹಾಗಾದರೆ ಸ್ಥಳವನ್ನು ಗುರುತಿಸುವುದರಲ್ಲಿ ತಪ್ಪಿರಲಿಲ್ಲವೆಂಬುದನ್ನು ನಾವು ನ್ಯಾಯವಾಗಿ ಹೇಳಬೇಕು. ಅಲ್ಪ ಒತ್ತಡವಷ್ಟೇ ಇರಬೇಕಾದ ಕಡೆ ಹೊಸ ಸೀಲು ಏಕೆ ಸೋತಿತೆಂಬ ಪ್ರಶ್ನೆಯನ್ನು ಅವರು ಕೇಳಿಕೊಂಡಿರಲಿಲ್ಲ, ಅಷ್ಟೆ.

ದಂಡದ ಮೇಲೆ ಗೀರು ಬಿದ್ದಿದ್ದರೆ ಹಾಗಾಗಬಹುದು. ಸೀಲನ್ನು ತೆಗೆದು ಉಗುರಿನಿಂದ ಅಡ್ಡಲಾಗಿ ಎಳೆದು ನೋಡಿದೆವು, ದಂಡ ನುಣುಪಾಗಿದ್ದಿತು. ಬೇರಿಂಗಿನಲ್ಲಿ ಅಲುಗಾಟವಿರಲಿಲ್ಲ. ಸೀಲಿನ ತುಟಿ ಸವೆದಿರಲಿಲ್ಲ. ಒಳಗಿನಿಂದ ಏನೋ ನೂಕಿದಂತೆ ಹೊರಕ್ಕೆ ಮಗುಚಿದ್ದಿತು. ಬೇರೊಂದು ಸೀಲನ್ನು ತಾತ್ಕಾಲಿಕವಾಗಿ ಕೂಡಿಸಿ, ಮರಳುವ ಕೊಳವೆಯು ಬಾಕ್ಸಿಗೆ ಸೇರುವೆಡೆ ಒತ್ತಡದ ಮಾಪಕವನ್ನು ಜೋಡಿಸಿ ಎಂಜಿನನ್ನು ನಡೆಸಿದಾಗ, ಮುಳ್ಳು ಇರಬೇಕಾದ ಮಟ್ಟದ ಹಲವು ಪಟ್ಟು ಮೇಲಕ್ಕೇರಿ ನಿಂತಿತು.

ಕೊಳವೆಯನ್ನು ಕಳಚಿ ಉದ್ದಕ್ಕೆ ಸೀಳಿದೆವು. ಹೊರಗೆ ಯಾವ ಕುಂದೂ ಇಲ್ಲದ ಅದರ ಒಳಪದರ ಉಬ್ಬಿ, ಮೆತ್ತಗಾಗಿ, ಅಲ್ಲಲ್ಲಿ ಕಳಚಿ ರಂಧ್ರವನ್ನು ಬಹುಮಟ್ಟಿಗೆ ಮುಚ್ಚಿಕೊಂಡಿದ್ದಿತು. ಟ್ಯಾಂಕಿನ ಶೋಧಕದಲ್ಲಿಯೂ ಅದೇ ಕಪ್ಪು ರಬ್ಬರಿನ ಚೂರುಗಳು. ಆಗ ಮಾಲೀಕರಿಗೆ ನೆನಪಾಯಿತು: ವರ್ಷದ ಹಿಂದೆ ದಾರಿಯಲ್ಲಿ ಆ ಕೊಳವೆ ಒಡೆದಿತ್ತು, ರಾತ್ರಿಯ ವೇಳೆ ಬೇರೇನೂ ಸಿಗದೆ ರಸ್ತೆಬದಿಯ ಅಂಗಡಿಯಲ್ಲಿ ರೇಡಿಯೇಟರ್ ಪೈಪಿನ ತುಂಡೊಂದನ್ನು ಹಾಕಿಸಿಕೊಂಡಿದ್ದರು. ಅಳತೆ ಸರಿಹೋಗಿತ್ತು, ಸೋರಿಕೆಯೂ ನಿಂತಿತ್ತು. ಅದು ಅಲ್ಲಿಯೇ ಉಳಿಯಿತು. ಒಂದು ಸೋರಿಕೆಯ ಚಿಕಿತ್ಸೆಯೇ ಇನ್ನೊಂದು ಸೋರಿಕೆಯ ಬೀಜವಾಯಿತು.

ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಇದರ ಕಾರಣ ಕಷ್ಟವಲ್ಲ. ರೇಡಿಯೇಟರಿನ ಪೈಪುಗಳನ್ನು ಸಾಮಾನ್ಯವಾಗಿ ಎಥಿಲೀನ್-ಪ್ರೊಪಿಲೀನ್ ಜಾತಿಯ ರಬ್ಬರಿನಿಂದ ಮಾಡುತ್ತಾರೆ. ಬಿಸಿನೀರನ್ನು ಅದು ವರ್ಷಗಟ್ಟಲೆ ತಡೆಯುತ್ತದೆ. ಆದರೆ ಅದರ ಅಣುಸರಪಳಿ ಖನಿಜ ತೈಲದಂತೆಯೇ ಇಂಗಾಲ ಜಲಜನಕಗಳ ಧ್ರುವರಹಿತ ಸರಪಳಿ; ಸಮಾನಗುಣವುಳ್ಳ ತೈಲವನ್ನು ಅದು ಹೀರಿಕೊಂಡು ಉಬ್ಬುತ್ತದೆ. ಎಣ್ಣೆಯ ಕೊಳವೆ, ಸೀಲುಗಳಿಗೆ ಬಳಸುವ ನೈಟ್ರೈಲ್ ರಬ್ಬರಿನಲ್ಲಿ ಇಂಗಾಲಕ್ಕೆ ಸಾರಜನಕ ಸೇರಿದ ಧ್ರುವೀಯ ಗುಂಪುಗಳಿರುವುದರಿಂದ ತೈಲ ಅದರೊಳಕ್ಕೆ ಸುಲಭವಾಗಿ ಇಳಿಯಲಾರದು. ಇದೇ ತರ್ಕ ತಿರುಗುಮುರುಗಾಗಿಯೂ ಸಲ್ಲುತ್ತದೆ: ಧ್ರುವೀಯವಾದ ಬ್ರೇಕ್ ಆಯಿಲನ್ನು ಅವಸರಕ್ಕೆಂದು ಸ್ಟಿಯರಿಂಗಿನ ಟ್ಯಾಂಕಿಗೆ ಸುರಿದರೆ ನೈಟ್ರೈಲಿನ ಸೀಲುಗಳು ಕೆಡುತ್ತವೆ. ಸೋರಿಕೆ ನಿಲ್ಲಿಸುವುದೆಂದು ಅಂಗಡಿಗಳಲ್ಲಿ ಮಾರುವ ದ್ರವಗಳಲ್ಲಿ ಹಲವು ಸೀಲನ್ನು ತುಸು ಉಬ್ಬಿಸಿಯೇ ಕೆಲಸ ಮಾಡುತ್ತವೆ. ಊರು ಸೇರುವವರೆಗೆ ಅವು ಉಪಯೋಗಕ್ಕೆ ಬಂದಾವು. ದುರಸ್ತಿಯೆಂದು ನಾವು ಅವನ್ನು ಪರಿಗಣಿಸುವುದಿಲ್ಲ.

ದುರಸ್ತಿಯ ಕೆಲಸ ಅರ್ಧ ದಿನದ್ದು. ಎಣ್ಣೆಗೆಂದೇ ತಯಾರಾದ ಹೊಸ ಕೊಳವೆಯನ್ನು ಹಾಕಿ, ಟ್ಯಾಂಕನ್ನು ತೊಳೆದು, ಶೋಧಕವನ್ನು ಬದಲಿಸಿದೆವು. ಕವಾಟದ ಸಂದುಗಳು ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸಿನವಾದ್ದರಿಂದ, ಹಳೆಯ ಎಣ್ಣೆಯನ್ನು ಪೂರ್ತಿಯಾಗಿ ಹೊರಹಾಕಿ ಹೊಸ ಎಣ್ಣೆ ಹಾಯಿಸಿದೆವು. ಕೂಡುಗಳಿಗೆ ಹಳೆಯ ತಾಮ್ರದ ವಾಷರುಗಳನ್ನು ಮತ್ತೆ ಬಳಸಲಿಲ್ಲ. ಒಮ್ಮೆ ಅದುಮಿದ ತಾಮ್ರ ಗಡುಸಾಗಿರುತ್ತದೆ. ನಲ್ಲಿಯ ಕೆಲಸದಲ್ಲಿ ಸುತ್ತುವ ಬಿಳಿಯ ಟೇಪಿಗೂ ಇಲ್ಲಿ ಸ್ಥಳವಿಲ್ಲ, ಅದರ ಎಳೆ ಕವಾಟವನ್ನು ಸೇರುವ ಅಪಾಯವಿದೆ. ಹೊಸ ಸೀಲನ್ನು ಕೂಡಿಸುವಾಗ ದಂಡದ ಹಲ್ಲುಗಳ ಮೇಲೆ ತೆಳುವಾದ ಟೇಪನ್ನು ಸುತ್ತಿ ತುಟಿಯನ್ನು ಕಾಪಾಡಿ, ಎಣ್ಣೆ ಸವರಿ, ತುಟಿ ಒಳಮುಖವಾಗಿರುವಂತೆ ನೆಟ್ಟಗೆ ಕೂಡಿಸಿ, ಟೇಪನ್ನು ತೆಗೆದೆವು.

ಉಳಿದುದು ಗಾಳಿಯನ್ನು ತೆಗೆಯುವುದು. ಅವಸರಪಟ್ಟು ಕೆಲಸ ಕೆಡಿಸುವುದು ಹೆಚ್ಚಾಗಿ ಇಲ್ಲಿಯೇ. ಹಿಂಚಕ್ರಗಳಿಗೆ ಕಟ್ಟೆ ಕೊಟ್ಟು, ಮುಂದಿನ ಅಚ್ಚನ್ನು ಜಾಕಿಯಿಂದ ಎತ್ತಿ ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಿ, ಟ್ಯಾಂಕನ್ನು ತುಂಬಿ, ಎಂಜಿನ್ ನಡೆಸದೆಯೇ ಸ್ಟಿಯರಿಂಗನ್ನು ಕೊನೆಯಿಂದ ಕೊನೆಗೆ ನಿಧಾನವಾಗಿ ಹಲವು ಬಾರಿ ತಿರುಗಿಸಬೇಕು. ಮಟ್ಟ ಇಳಿದಂತೆಲ್ಲ ಎಣ್ಣೆ ಸೇರಿಸುತ್ತಿರಬೇಕು. ಗುಳ್ಳೆಗಳು ಕಡಿಮೆಯಾದ ಮೇಲೆ ಎಂಜಿನನ್ನು ನಿಧಾನಗತಿಯಲ್ಲಿ ನಡೆಸಿ ಇದನ್ನೇ ಪುನಃ ಮಾಡಬೇಕು. ಕೊನೆಗಳಲ್ಲಿ ಕೆಲವು ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ಬಲವಾಗಿ ಹಿಡಿದಿಡಬಾರದು, ಏಕೆಂದರೆ ಆಗ ಪಂಪಿನ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುವುದರಲ್ಲಿ ವ್ಯಯವಾಗುತ್ತದೆ. ಈ ಕೊನೆಯ ಮಾತು ಕಾರ್ಯಾಗಾರಕ್ಕಷ್ಟೇ ಅಲ್ಲ, ಇಕ್ಕಟ್ಟಾದ ಗೋದಾಮಿನ ಅಂಗಳದಲ್ಲಿ ಲಾರಿ ತಿರುಗಿಸುವ ಚಾಲಕರಿಗೂ ಅನ್ವಯಿಸುತ್ತದೆ.

ಮಾಪಕವನ್ನು ಪುನಃ ಜೋಡಿಸಿ ನೋಡಿದಾಗ ಮುಳ್ಳು ಕೆಳಗಡೆಯೇ ನಿಂತಿತು. ಬಾಕ್ಸು ಹಳೆಯದೇ ಉಳಿಯಿತು. ಆರು ವಾರಗಳ ತರುವಾಯ ಮಾಲೀಕರು ಸರಕಿನೊಡನೆ ಹೋಗುತ್ತಿದ್ದಾಗ ಲಾರಿಯನ್ನು ನಮ್ಮ ಬಾಗಿಲಲ್ಲಿ ನಿಲ್ಲಿಸಿ ಕರೆದರು. ಟ್ಯಾಂಕಿನಲ್ಲಿ ಎಣ್ಣೆ ಗುರುತಿನ ಮಟ್ಟದಲ್ಲಿಯೇ ಇದ್ದಿತು. ಸೀಲಿನ ಸುತ್ತ ಕೂತಿದ್ದ ಘಾಟಿಯ ಕೆಂಧೂಳು ಬೆರಳಿನಿಂದ ಉಜ್ಜಿದರೆ ಒಣಪುಡಿಯಾಗಿ ಉದುರಿತು.